ವ್ಯತ್ಯಾಸ, ಸ್ಮೃತಿ, ವಿಧಿ: ಸಂರಚನಾ ಕಡತಗಳ ನವೀಕರಣ ಎತ್ತುವ ಒಂದು ತಾತ್ತ್ವಿಕ ಪ್ರಶ್ನೆ

ಗಣಕಯಂತ್ರದ ಹಿನ್ನೆಲೆಯಲ್ಲಿ ನಡೆಯುವ ಸೇವೆಗಳು, ಜಾಲಪುಟಗಳನ್ನು ಒದಗಿಸುವ ಅಪಾಚೆಯಾಗಿರಲಿ, ದೂರದ ಯಂತ್ರಕ್ಕೆ ಭದ್ರವಾದ ಪ್ರವೇಶ ಕೊಡುವ ಓಪನ್‌ಎಸ್‌ಎಸ್‌ಎಚ್ ಆಗಿರಲಿ, ತಾವು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಒಂದು ಪಠ್ಯವನ್ನು ಓದಿ ತಿಳಿದುಕೊಳ್ಳುತ್ತವೆ. ಸಾಲು ಸಾಲಾಗಿ ಬರೆದಿರುವ ಈ ಸರಳ ಪಠ್ಯಕ್ಕೆ ಸಂರಚನಾ ಕಡತ, ಬಳಕೆಯ ಮಾತಿನಲ್ಲಿ ಕಾನ್ಫಿಗರೇಶನ್ ಫೈಲ್, ಎಂದು ಹೆಸರು. ತಂತ್ರಾಂಶವನ್ನು ಸಿದ್ಧಪಡಿಸಿದವರು ಅದರೊಡನೆ ಒಂದು ಮಾದರಿ ಕಡತವನ್ನು ಕಳುಹಿಸುತ್ತಾರೆ. ಯಂತ್ರದ ಹೊಣೆ ಹೊತ್ತ ನಿರ್ವಾಹಕರು ತಮ್ಮ ಸಂಸ್ಥೆಯ ಅಗತ್ಯಕ್ಕೆ ತಕ್ಕಂತೆ ಅದರಲ್ಲಿ ಕೆಲವು ಸಾಲುಗಳನ್ನು ಬದಲಾಯಿಸಿಕೊಳ್ಳುತ್ತಾರೆ. ಕೆಲವು ಕಾಲದ ನಂತರ ತಂತ್ರಾಂಶದ ಹೊಸ ಆವೃತ್ತಿ ಬರುತ್ತದೆ, ಅದರೊಡನೆ ಮಾದರಿ ಕಡತವೂ ಹೊಸದಾಗಿ ಬರುತ್ತದೆ. ಆಗ ಒಂದೇ ಹೆಸರಿನ ಎರಡು ಪಠ್ಯಗಳು ಎದುರುಬದುರಾಗಿ ನಿಲ್ಲುತ್ತವೆ: ಸ್ಥಳೀಯವಾಗಿ ತಿದ್ದಿಕೊಂಡದ್ದು ಒಂದು, ಮೂಲದಿಂದ ಹೊಸದಾಗಿ ಬಂದದ್ದು ಇನ್ನೊಂದು. ಇವೆರಡನ್ನೂ ಹೋಲಿಸಿ ಮುಂದೆ ಯಾವುದು ಜಾರಿಯಲ್ಲಿರಬೇಕೆಂದು ತೀರ್ಮಾನಿಸುವ ಕೆಲಸವನ್ನು ಬಹಳ ಕಾಲದಿಂದ ಸಣ್ಣ ಸ್ಕ್ರಿಪ್ಟ್‌ಗಳಿಗೆ, ಅಂದರೆ ಆಜ್ಞೆಗಳನ್ನು ಕ್ರಮವಾಗಿ ಬರೆದಿಟ್ಟ ಪುಟ್ಟ ಕ್ರಮವಿಧಿಗಳಿಗೆ, ಒಪ್ಪಿಸುತ್ತ ಬಂದಿದ್ದಾರೆ. ಡೆಬಿಯನ್‌ನ ಯುಸಿಎಫ್, ಜೆಂಟೂವಿನ ಡಿಸ್ಪ್ಯಾಚ್-ಕಾನ್ಫ್, ಫ್ರೀಬಿಎಸ್‌ಡಿಯ ಮರ್ಜ್‌ಮಾಸ್ಟರ್ ಮತ್ತು ಇಟಿಸಿಅಪ್‌ಡೇಟ್, ಆರ್ಚ್ ಲಿನಕ್ಸ್‌ನ ಪ್ಯಾಕ್‌ಡಿಫ್ ಹೀಗೆ ಬೇರೆ ಬೇರೆ ಕಾರ್ಯಾಚರಣಾ ವ್ಯವಸ್ಥೆಗಳ ಈ ಸಾಧನಗಳೆಲ್ಲ ಇದೇ ಉದ್ದೇಶಕ್ಕೆ ಹುಟ್ಟಿದವು.

ಮೇಲುನೋಟಕ್ಕೆ ಇದು ಯಂತ್ರಶಾಲೆಯ ದಿನನಿತ್ಯದ ಕೆಲಸದಂತೆ ತೋರುತ್ತದೆಯಾದರೂ ಅದರ ಒಳಗೆ ಭಾರತೀಯ ದರ್ಶನಗಳು ಶತಮಾನಗಳ ಕಾಲ ಚರ್ಚಿಸಿದ ಪ್ರಶ್ನೆಯೊಂದು ಅಡಗಿದೆ. ಎರಡು ವಸ್ತುಗಳ ನಡುವಿನ ವ್ಯತ್ಯಾಸವನ್ನು ತಿಳಿದ ಮಾತ್ರಕ್ಕೆ ಏನು ಮಾಡಬೇಕೆಂಬುದು ತಿಳಿಯುತ್ತದೆಯೇ ಎಂಬುದೇ ಆ ಪ್ರಶ್ನೆ. ಪೂರ್ವಮೀಮಾಂಸೆಯ ಸೂತ್ರಕಾರನಾದ ಜೈಮಿನಿ ತನ್ನ ಗ್ರಂಥದ ಆರಂಭದಲ್ಲಿಯೇ ಇದಕ್ಕೆ ಖಚಿತವಾದ ಉತ್ತರ ಕೊಡುತ್ತಾನೆ. ಇಂದ್ರಿಯಗಳು ಈಗ ಇರುವ ವಸ್ತುವನ್ನು ಮುಟ್ಟಿದಾಗ ಹುಟ್ಟುವ ಅರಿವು ಪ್ರತ್ಯಕ್ಷ. ಧರ್ಮವಾದರೋ ಇನ್ನೂ ಆಗಿರದ, ಮಾಡಬೇಕಾಗಿರುವ ಕಾರ್ಯ. ಆದುದರಿಂದ ಪ್ರತ್ಯಕ್ಷವು ಧರ್ಮಕ್ಕೆ ಪ್ರಮಾಣವಾಗಲಾರದು, ಅದಕ್ಕೆ ಚೋದನೆ, ಅಂದರೆ ಕಾರ್ಯದಲ್ಲಿ ತೊಡಗಿಸುವ ವಿಧಿವಾಕ್ಯ, ಬೇಕು ಎಂಬುದು ಅವನ ನಿಲುವು. ಸ್ಕ್ರಿಪ್ಟ್ ಮಾಡುವ ಹೋಲಿಕೆ ಈ ಅರ್ಥದಲ್ಲಿ ಪ್ರತ್ಯಕ್ಷದ ಜಾತಿಗೆ ಸೇರಿದ್ದು, ಅದು ಇರುವುದನ್ನು ಮಾತ್ರ ತೋರಿಸುತ್ತದೆ. ನವೀಕರಣವಾದರೋ ಕರ್ತವ್ಯದ ಜಾತಿಗೆ ಸೇರಿದ್ದು. ಈ ಎರಡರ ನಡುವಿನ ಅಂತರವನ್ನು ಯಂತ್ರವು ಎಷ್ಟರ ಮಟ್ಟಿಗೆ ದಾಟಬಲ್ಲದು, ಎಲ್ಲಿ ನಿಲ್ಲಬೇಕು ಎಂಬುದು ಇಲ್ಲಿಯ ವಿಚಾರ.

ಹೋಲಿಕೆಯ ಮೂಲ ಸಾಧನವಾದ ಡಿಫ್ ಎಂಬ ಕ್ರಮವಿಧಿಯನ್ನು ಬೆಲ್ ಪ್ರಯೋಗಾಲಯದಲ್ಲಿ ಡಗ್ಲಸ್ ಮ್ಯಾಕಿಲ್ರಾಯ್ ರೂಪಿಸಿದರು. 1974ರ ಯುನಿಕ್ಸ್ ಐದನೆಯ ಆವೃತ್ತಿಯೊಡನೆ ಅದು ಬಳಕೆದಾರರ ಕೈ ಸೇರಿತು, 1976ರಲ್ಲಿ ಜೇಮ್ಸ್ ಹಂಟ್ ಅವರೊಡನೆ ಅವರು ಅದರ ಗಣಿತವನ್ನು ವಿವರಿಸಿ ಪ್ರಬಂಧ ಪ್ರಕಟಿಸಿದರು. ಡಿಫ್ ವ್ಯತ್ಯಾಸವನ್ನು ನೇರವಾಗಿ ಹುಡುಕುವುದಿಲ್ಲ ಎಂಬುದು ತತ್ತ್ವದೃಷ್ಟಿಯಿಂದ ಗಮನಿಸಬೇಕಾದ ಸಂಗತಿ. ಎರಡೂ ಪಠ್ಯಗಳಲ್ಲಿ ಒಂದೇ ಕ್ರಮದಲ್ಲಿ ಕಾಣಿಸಿಕೊಳ್ಳುವ ಸಾಲುಗಳ ಅತಿ ಉದ್ದನೆಯ ಸರಣಿಯನ್ನು ಅದು ಮೊದಲು ಕಂಡುಹಿಡಿಯುತ್ತದೆ. ಆ ಸಾಮ್ಯಕ್ಕೆ ಸೇರದೆ ಉಳಿದುದನ್ನು, ಹಳೆಯದರಲ್ಲಿದ್ದರೆ ತೆಗೆದದ್ದು ಎಂದೂ ಹೊಸದರಲ್ಲಿದ್ದರೆ ಸೇರಿಸಿದ್ದು ಎಂದೂ ಕರೆಯುತ್ತದೆ. ಅಂದರೆ ಭೇದವೆನ್ನುವುದು ಇಲ್ಲಿ ಅಭೇದವನ್ನು ಕಳೆದ ಮೇಲಿನ ಶೇಷ. ಆ ಅಭೇದವೂ ಯಾವಾಗಲೂ ಒಂದೇ ಬಗೆಯಾಗಿ ನಿರ್ಣಯವಾಗುವುದಿಲ್ಲ. ಎರಡು ಸಾಲುಗಳು ಸ್ಥಳ ಬದಲಿಸಿಕೊಂಡಿದ್ದರೆ ಮೊದಲನೆಯದು ಕೆಳಗಿಳಿಯಿತು ಎಂದು ಹೇಳುವುದೂ ಎರಡನೆಯದು ಮೇಲೇರಿತು ಎಂದು ಹೇಳುವುದೂ ಸಮಾನವಾಗಿ ಸರಿ. ಯಂತ್ರ ಎರಡರಲ್ಲಿ ಒಂದನ್ನು ಆರಿಸಿ ಮುದ್ರಿಸುತ್ತದೆ, ಓದುವವರು ಅದನ್ನೇ ನಡೆದ ಸಂಗತಿಯೆಂದು ಭಾವಿಸುತ್ತಾರೆ. ಹಾಗೆಯೇ ಯಾವ ಕಡತವನ್ನು ಮೊದಲು ಹೆಸರಿಸಲಾಗಿದೆ ಎಂಬುದರ ಮೇಲೆ ಸಂಕಲನ ವ್ಯವಕಲನ ಚಿಹ್ನೆಗಳು ಅದಲುಬದಲಾಗುತ್ತವೆ. ಹಳತು ಹೊಸತು ಎಂಬ ದಿಕ್ಕು ಪಠ್ಯಗಳಲ್ಲಿ ಇಲ್ಲ, ಹೋಲಿಸುವವರು ಅದನ್ನು ಹೊರಗಿನಿಂದ ತಂದಿದ್ದಾರೆ.

ಭೇದದ ಅರಿವಿನಲ್ಲಿರುವ ಈ ತೊಡಕನ್ನು ಮಂಡನಮಿಶ್ರನು ಬ್ರಹ್ಮಸಿದ್ಧಿಯಲ್ಲಿ ತೀಕ್ಷ್ಣವಾಗಿ ಎತ್ತಿದ್ದಾನೆ. ಇದು ಅದರಿಂದ ಬೇರೆ ಎಂದು ತಿಳಿಯಬೇಕಾದರೆ ಭೇದವನ್ನು ಹೊತ್ತಿರುವ ಧರ್ಮಿಯನ್ನೂ, ಯಾವುದರಿಂದ ಬೇರೆಯೋ ಆ ಪ್ರತಿಯೋಗಿಯನ್ನೂ ಎರಡೆಂದು ಮೊದಲೇ ತಿಳಿದಿರಬೇಕು. ಎರಡೆಂದು ತಿಳಿಯುವುದಕ್ಕೆ ಭೇದದ ಅರಿವೇ ಬೇಕು. ಹೀಗೆ ಒಂದನ್ನೊಂದು ಅವಲಂಬಿಸುವ ಅನ್ಯೋನ್ಯಾಶ್ರಯ ದೋಷ ಬರುವುದರಿಂದ ಪ್ರತ್ಯಕ್ಷವು ಭೇದವನ್ನು ಹಿಡಿಯಲಾರದು ಎಂಬುದು ಅದ್ವೈತಿಗಳ ವಾದ. ಉಡುಪಿಯ ಪರಂಪರೆಯನ್ನು ಸ್ಥಾಪಿಸಿದ ಮಧ್ವಾಚಾರ್ಯರು ವಿಷ್ಣುತತ್ತ್ವವಿನಿರ್ಣಯದಲ್ಲಿ ಇದಕ್ಕೆ ಕೊಟ್ಟ ಉತ್ತರ ಪ್ರಸಿದ್ಧವಾಗಿದೆ: ಭೇದವು ವಸ್ತುವಿನ ಮೇಲೆ ಆಮೇಲೆ ಬಂದು ಕೂರುವ ಧರ್ಮವಲ್ಲ, ವಸ್ತುವಿನ ಸ್ವರೂಪವೇ ಭೇದ, ವಸ್ತುವನ್ನು ಕಂಡಾಗಲೇ ಅದು ಉಳಿದೆಲ್ಲದರಿಂದ ಬೇರೆಯೆಂಬುದು ಸಾಮಾನ್ಯವಾಗಿ ಕಂಡಿರುತ್ತದೆ, ಇಂಥದ್ದರಿಂದ ಬೇರೆ ಎಂಬ ವಿಶೇಷ ಜ್ಞಾನ ಪ್ರತಿಯೋಗಿಯ ನೆನಪು ಬಂದಾಗ ಉಂಟಾಗುತ್ತದೆ. ಇದೇ ಪಕ್ಷವನ್ನು ಮುಂದೆ ವ್ಯಾಸತೀರ್ಥರು ಭೇದೋಜ್ಜೀವನದಲ್ಲಿ ತರ್ಕದ ಎಲ್ಲ ಬಲದಿಂದ ಸಮರ್ಥಿಸಿದರು. ಈ ಎರಡು ಪಕ್ಷಗಳಲ್ಲಿ ಯಾವುದು ಪರಮಾರ್ಥವನ್ನು ಕುರಿತು ಸರಿ ಎಂಬುದು ಇಲ್ಲಿ ತೀರ್ಮಾನಿಸಬೇಕಾದ ವಿಷಯವಲ್ಲ. ಕಡತಗಳ ಮಟ್ಟಿಗೆ ಹೇಳುವುದಾದರೆ ಮಧ್ವರ ಉತ್ತರದ ಎರಡನೆಯ ಭಾಗ, ವಿಶೇಷ ಭೇದಜ್ಞಾನಕ್ಕೆ ಪ್ರತಿಯೋಗಿಯ ಸ್ಮರಣೆ ಬೇಕೆಂಬ ಮಾತು, ಇಡೀ ಸಮಸ್ಯೆಯ ಕೀಲಿಯನ್ನು ಹಿಡಿದಿದೆ.

ಅದಕ್ಕೆ ಹೋಗುವ ಮೊದಲು ಸಾಲಿನ ಭೇದವೂ ಅರ್ಥದ ಭೇದವೂ ಒಂದೇ ಅಲ್ಲ ಎಂಬುದನ್ನು ಹೇಳಿಬಿಡಬೇಕು. ಹ್ಯಾಶ್ ಚಿಹ್ನೆಯಿಂದ ಆರಂಭವಾಗುವ ಟಿಪ್ಪಣಿ ಸಾಲನ್ನು ಎಷ್ಟು ತಿದ್ದಿದರೂ ಸೇವೆಯ ನಡವಳಿಕೆ ಬದಲಾಗದು. ಆದರೆ ಓಪನ್‌ಎಸ್‌ಎಸ್‌ಎಚ್‌ನ ಸೇವಾ ಕಡತದಲ್ಲಿ ಒಂದೇ ನಿಯಮವನ್ನು ಎರಡು ಕಡೆ ಎರಡು ಬೆಲೆಗಳೊಡನೆ ಬರೆದಿದ್ದರೆ ಮೊದಲು ಸಿಕ್ಕ ಬೆಲೆ ಊರ್ಜಿತವಾಗುತ್ತದೆ. ಕೊನೆಯಲ್ಲಿ ಬಂದದ್ದೇ ಊರ್ಜಿತವೆನ್ನುವ ತಂತ್ರಾಂಶಗಳೂ ಇವೆ. ಆದುದರಿಂದ ಒಂದಕ್ಷರವೂ ಬದಲಾಗದೆ ಕೇವಲ ಸ್ಥಾನ ಬದಲಾದ ಸಾಲು ಯಂತ್ರದ ಬಾಗಿಲನ್ನು ತೆರೆದಿಡಬಹುದು, ಇಲ್ಲವೇ ಮುಚ್ಚಿಬಿಡಬಹುದು.

ಈಗ ಪ್ರತಿಯೋಗಿಯ ವಿಚಾರ. ಸ್ಥಳೀಯ ಕಡತ ಮತ್ತು ಹೊಸ ಕಡತ ಇವೆರಡನ್ನೇ ಎದುರಿಗಿಟ್ಟುಕೊಂಡರೆ ಒಂದು ಸಾಲು ಇದರಲ್ಲಿದೆ, ಅದರಲ್ಲಿಲ್ಲ ಎಂದಷ್ಟೇ ತಿಳಿಯುತ್ತದೆ. ನಿರ್ವಾಹಕರು ಅದನ್ನು ಸೇರಿಸಿದರೇ, ತಯಾರಕರು ಅದನ್ನು ಕೈಬಿಟ್ಟರೇ ಎಂಬುದು ಎಷ್ಟು ನೋಡಿದರೂ ತಿಳಿಯದು, ಏಕೆಂದರೆ ಎರಡೂ ಇತಿಹಾಸಗಳು ಒಂದೇ ವರ್ತಮಾನವನ್ನು ಹುಟ್ಟಿಸುತ್ತವೆ. ಈ ಸಂಶಯವನ್ನು ಕಳೆಯುವುದು ಮೂರನೆಯ ಪಠ್ಯ, ಅಂದರೆ ಎರಡೂ ಯಾವುದರಿಂದ ಕವಲೊಡೆದವೋ ಆ ಹಿಂದಿನ ಮೂಲ. 1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯ ಪ್ಯಾಕೇಜ್ ವ್ಯವಸ್ಥಾಪಕವಾದ, ಅಂದರೆ ತಂತ್ರಾಂಶಗಳನ್ನು ಸ್ಥಾಪಿಸಿ ನವೀಕರಿಸುವ ಸಾಧನವಾದ, ಡಿಪಿಕೆಜಿ ಈ ತತ್ತ್ವವನ್ನು ನಿಯಮವಾಗಿಸಿಕೊಂಡಿದೆ. ಹಿಂದಿನ ಆವೃತ್ತಿಯೊಡನೆ ಬಂದ ಮಾದರಿ, ಈಗ ಯಂತ್ರದಲ್ಲಿರುವ ಕಡತ, ಹೊಸ ಆವೃತ್ತಿಯ ಮಾದರಿ ಈ ಮೂರರ ಗುರುತುಮುದ್ರೆಗಳನ್ನು, ಅಂದರೆ ಪಠ್ಯದಿಂದ ಲೆಕ್ಕಹಾಕಿ ತೆಗೆದ ಎಂಡಿ5 ಎಂಬ ಗಿಡ್ಡ ಸಂಖ್ಯೆಯನ್ನು, ಅದು ಹೋಲಿಸುತ್ತದೆ. ನಿರ್ವಾಹಕರು ಕಡತವನ್ನು ಮುಟ್ಟಿರದಿದ್ದರೆ ಹೊಸದು ಸದ್ದಿಲ್ಲದೆ ಬಂದು ಕೂರುತ್ತದೆ. ನಿರ್ವಾಹಕರು ತಿದ್ದಿದ್ದು ತಯಾರಕರು ಏನನ್ನೂ ಬದಲಿಸದಿದ್ದರೆ ತಿದ್ದಿದ್ದೇ ಉಳಿಯುತ್ತದೆ. ಇಬ್ಬರೂ ಬದಲಿಸಿದ್ದಾಗ ಮಾತ್ರ ಯಂತ್ರ ತಡೆದು ನಿಂತು ಮನುಷ್ಯರನ್ನು ಕೇಳುತ್ತದೆ. ಮೊದಲ ಎರಡು ಸಂದರ್ಭಗಳಲ್ಲಿ ಯಂತ್ರವೇ ನಿರ್ಣಯಿಸುವುದು ನ್ಯಾಯವಾಗಿದೆ, ಏಕೆಂದರೆ ಅಲ್ಲಿ ಇಚ್ಛೆ ವ್ಯಕ್ತಪಡಿಸಿದವರು ಒಬ್ಬರೇ.

ನೆನಪಿನಲ್ಲಿಯೂ ತರತಮಗಳಿವೆ. ಗುರುತುಮುದ್ರೆ ಮಾತ್ರ ಉಳಿದಿರುವಾಗ ಇದು ಅದಲ್ಲ ಎಂದು ಹೇಳಬಹುದೇ ಹೊರತು ಅದು ಏನಾಗಿತ್ತು ಎಂದು ಹೇಳಲಾಗದು. ಭಾರತೀಯ ಜ್ಞಾನಮೀಮಾಂಸೆಯಲ್ಲಿ ಪ್ರತ್ಯಭಿಜ್ಞೆ ಎನ್ನುವ ಅರಿವು, ಎದುರಿಗಿರುವುದನ್ನು ಹಿಂದೆ ಕಂಡದ್ದೆಂದು ಗುರುತಿಸುವುದು, ಶುದ್ಧ ಸ್ಮೃತಿಯಿಂದ ಬೇರೆ. ಸ್ಮೃತಿ ಎದುರಿಗಿಲ್ಲದ್ದನ್ನು ಅದರ ರೂಪದೊಡನೆ ಮನಸ್ಸಿಗೆ ತರುತ್ತದೆ. ಡಿಪಿಕೆಜಿಯ ಸಾಮರ್ಥ್ಯ ಹೆಚ್ಚೆಂದರೆ ಮೊದಲನೆಯದು. ಮನೋಜ್ ಶ್ರೀವಾಸ್ತವ ಅವರು ರಚಿಸಿದ ಯುಸಿಎಫ್ ಎಂಬ ಶೆಲ್ ಸ್ಕ್ರಿಪ್ಟ್ ಒಂದು ಹೆಜ್ಜೆ ಮುಂದೆ ಹೋಗಿ, ಕೇಳಿದಾಗ ಹಿಂದಿನ ಮಾದರಿಯ ಪೂರ್ಣ ಪ್ರತಿಯನ್ನೇ ತನ್ನ ಸಂಗ್ರಹದಲ್ಲಿಟ್ಟುಕೊಳ್ಳುತ್ತದೆ. ಹಾಗಾಗಿ ಅದಕ್ಕೆ ಮೂರು ಪಠ್ಯಗಳನ್ನು ಸಾಲು ಸಾಲಾಗಿ ಹೊಂದಿಸಿ ತ್ರಿಮುಖ ವಿಲೀನ, ಅಂದರೆ ಎರಡೂ ಕಡೆಯ ಬದಲಾವಣೆಗಳನ್ನು ಒಂದೇ ಪಠ್ಯಕ್ಕೆ ಕೂಡಿಸುವ ಕೆಲಸ, ಮಾಡಲು ಸಾಧ್ಯವಾಗುತ್ತದೆ. ಸ್ಮೃತಿಯು ಹೊಸದೇನನ್ನೂ ತಿಳಿಸುವುದಿಲ್ಲವಾದ್ದರಿಂದ ಅದನ್ನು ಪ್ರಮಾಣಗಳ ಸಾಲಿಗೆ ಸೇರಿಸಲು ಬಹುತೇಕ ದಾರ್ಶನಿಕರು ಒಪ್ಪಲಿಲ್ಲ. ಆದರೂ ಸ್ಮೃತಿಯಿಲ್ಲದೆ ಪ್ರಮಾಣಗಳು ಕೊಟ್ಟದ್ದನ್ನು ಪರಸ್ಪರ ಹೊಂದಿಸಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕುವುದು ಕಷ್ಟ.

ಅಭಾವದ ವಿಚಾರದಲ್ಲಿ ಇದು ಇನ್ನೂ ಸೂಕ್ಷ್ಮವಾಗುತ್ತದೆ. ನಿರ್ವಾಹಕರು ಒಂದು ಸಂರಚನಾ ಕಡತವನ್ನು ತಿದ್ದದೆ ಪೂರ್ತಿಯಾಗಿ ಅಳಿಸಿದ್ದರೆ ಡಿಪಿಕೆಜಿ ಅದನ್ನು ಆಕಸ್ಮಿಕವಾದ ಕೊರತೆಯೆಂದು ಭಾವಿಸಿ ತುಂಬಿಕೊಡುವುದಿಲ್ಲ. ಅಳಿಸಿದ್ದೂ ಒಂದು ನಿರ್ಧಾರವೆಂದು ಗೌರವಿಸಿ, ವಿಶೇಷವಾಗಿ ಆಜ್ಞಾಪಿಸದ ಹೊರತು ಕಡತವನ್ನು ಮರಳಿ ಇಡುವುದಿಲ್ಲ. ಇಲ್ಲ ಎಂಬುದನ್ನೂ ತಿಳಿಯಲು ಅನುಪಲಬ್ಧಿ ಎಂಬ ಸ್ವತಂತ್ರ ಪ್ರಮಾಣ ಬೇಕೆಂದು ಕುಮಾರಿಲಭಟ್ಟನ ಅನುಯಾಯಿಗಳು ಹೇಳಿದರು, ಆದರೆ ಅದಕ್ಕೊಂದು ಕಟ್ಟುಪಾಡನ್ನೂ ಹಾಕಿದರು: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಆ ಕಾಣದಿರುವಿಕೆ ಇಲ್ಲವೆಂಬುದಕ್ಕೆ ಪ್ರಮಾಣ. ಯಂತ್ರದಲ್ಲಿ ಎಂದೂ ಇರದ ಕಡತದ ಇಲ್ಲದಿರುವಿಕೆಗೂ ಇದ್ದು ಅಳಿದ ಕಡತದ ಇಲ್ಲದಿರುವಿಕೆಗೂ ಕಣ್ಣಿಗೆ ಯಾವ ಅಂತರವೂ ಇಲ್ಲ. ಇರಬೇಕಾಗಿತ್ತು ಎಂದು ಹೇಳುವ ದಾಖಲೆಯೊಂದೇ ಅವೆರಡನ್ನು ಬೇರ್ಪಡಿಸುತ್ತದೆ.

ಇಬ್ಬರೂ ಬದಲಿಸಿದ ಸಂದರ್ಭವೇ ನಿಜವಾದ ಸಮಸ್ಯೆ. ಇದನ್ನು ಬಿಡಿಸುವುದಕ್ಕೆ ಬೇಕಾದ ವಿಚಾರಕ್ರಮವನ್ನು ಪೂರ್ವಮೀಮಾಂಸೆ ಆಶ್ಚರ್ಯಕರವಾದ ವಿಸ್ತಾರದಲ್ಲಿ ಬೆಳೆಸಿದೆ. ಜೈಮಿನಿಯ ಹನ್ನೆರಡು ಅಧ್ಯಾಯಗಳಲ್ಲಿ ಏಳರಿಂದ ಹತ್ತರವರೆಗಿನ ನಾಲ್ಕು ಇದಕ್ಕೇ ಮೀಸಲು. ವೇದವು ಎಲ್ಲ ಯಾಗಗಳನ್ನೂ ಪೂರ್ತಿಯಾಗಿ ವಿವರಿಸುವುದಿಲ್ಲ. ಕೆಲವನ್ನು ಮಾತ್ರ ಎಲ್ಲ ಅಂಗಗಳೊಡನೆ ವಿಧಿಸುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಮಾಡುವ ದರ್ಶಪೂರ್ಣಮಾಸ ಅಂಥದ್ದು, ಅದನ್ನು ಪ್ರಕೃತಿ ಎನ್ನುತ್ತಾರೆ. ಉಳಿದವುಗಳ ವಿಶೇಷವನ್ನಷ್ಟೇ ಹೇಳಿ ಮಿಕ್ಕದ್ದನ್ನು ಪ್ರಕೃತಿಯಿಂದ ತಂದುಕೊಳ್ಳಲು ಬಿಡುತ್ತದೆ, ಅವು ವಿಕೃತಿಗಳು. ಹೀಗೆ ತಂದುಕೊಳ್ಳುವುದಕ್ಕೆ ಅತಿದೇಶವೆಂದು ಹೆಸರು. ತಯಾರಕರ ಮಾದರಿ ಕಡತಕ್ಕೂ ಪ್ರತಿಯೊಂದು ಯಂತ್ರದ ಸ್ಥಳೀಯ ಕಡತಕ್ಕೂ ಇರುವ ಸಂಬಂಧ ಇದೇ: ಹೇಳದಿದ್ದುದೆಲ್ಲ ಮೂಲದಂತೆ, ಹೇಳಿದುದು ತನ್ನದು. ಈ ವಿಚಾರಗಳನ್ನು ಕ್ರಮವಾಗಿ ಓದಬಯಸುವವರಿಗೆ 14ನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಮಾಧವಾಚಾರ್ಯರ ಜೈಮಿನೀಯ ನ್ಯಾಯಮಾಲಾವಿಸ್ತರ ಇಂದಿಗೂ ಒಳ್ಳೆಯ ದಾರಿ.

ಅತಿದೇಶದಿಂದ ಬಂದದ್ದನ್ನು ಹಾಗೆಯೇ ಇಟ್ಟುಕೊಂಡರೆ ಕೆಲವೊಮ್ಮೆ ಹೊಂದುವುದಿಲ್ಲ. ಪ್ರಕೃತಿಯಲ್ಲಿ ಅಗ್ನಿಗೆ ಹವಿಸ್ಸನ್ನು ತೆಗೆದಿಡುವ ಮಂತ್ರ ಸೂರ್ಯನನ್ನು ಉದ್ದೇಶಿಸಿದ ವಿಕೃತಿಗೆ ಬಂದಾಗ ದೇವತೆಯ ಹೆಸರನ್ನು ಬದಲಾಯಿಸಿ ಹೇಳಬೇಕಾಗುತ್ತದೆ. ಇದು ಊಹ, ಒಂಬತ್ತನೆಯ ಅಧ್ಯಾಯದ ವಿಷಯ. ಮಾದರಿ ಕಡತದಲ್ಲಿರುವ ಯಂತ್ರದ ಹೆಸರು, ಕೇಳುವ ಪೋರ್ಟ್ ಸಂಖ್ಯೆ, ದಾಖಲೆಗಳಿರುವ ಸ್ಥಳ ಇವುಗಳನ್ನು ನಿರ್ವಾಹಕರು ಬದಲಾಯಿಸುವುದು ಇದೇ ಜಾತಿಯ ಮಾರ್ಪಾಡು: ಸಾಲಿನ ಉದ್ದೇಶ ಬದಲಾಗಿಲ್ಲ, ಆ ಉದ್ದೇಶ ಇಲ್ಲಿ ನೆರವೇರಬೇಕಾದರೆ ಪದ ಬದಲಾಗಲೇಬೇಕು. ಮೀಮಾಂಸಕರು ಇದಕ್ಕೆ ಸೇರಿಸಿದ ಒಂದು ಮಾತು ಬಹಳ ಬೆಲೆಯುಳ್ಳದ್ದು. ಊಹದಿಂದ ಬಂದ ಪದ ಕಾರ್ಯವನ್ನು ನೆರವೇರಿಸುತ್ತದೆ, ಆದರೆ ಅದು ಮಂತ್ರವಲ್ಲ. ಮಂತ್ರವೆಂಬ ಸ್ಥಾನ ಪರಂಪರೆಯಲ್ಲಿ ಪಠಿತವಾದ ಪಾಠಕ್ಕೆ ಮಾತ್ರ. ಮಾರ್ಪಾಡು ತನ್ನ ಸಂದರ್ಭದಲ್ಲಿ ಪೂರ್ಣವಾಗಿ ಸರಿಯಾಗಿದ್ದರೂ ಮೂಲವಾಗುವುದಿಲ್ಲವಾದ್ದರಿಂದ ಮೂಲ ಮತ್ತೆ ಇಳಿದು ಬಂದಾಗಲೆಲ್ಲ ಊಹವನ್ನು ಮತ್ತೆ ಮಾಡಬೇಕು. ಸ್ಕ್ರಿಪ್ಟ್ ಅತ್ಯಂತ ನಂಬಿಕೆಯಿಂದ ಮಾಡಬಲ್ಲ ಕೆಲಸವೂ ಇದೇ, ಏಕೆಂದರೆ ಎಲ್ಲಿ ಯಾವ ಪದ ಬರಬೇಕೆಂಬುದು ಇಲ್ಲಿ ಮೊದಲೇ ನಿಶ್ಚಿತ.

ಹತ್ತನೆಯ ಅಧ್ಯಾಯದ ಬಾಧ ಇದಕ್ಕಿಂತ ಆಳವಾದದ್ದು. ಅತಿದೇಶದಿಂದ ಬಂದ ಅಂಗವನ್ನು ಪೂರ್ತಿಯಾಗಿ ಬಿಟ್ಟುಬಿಡುವುದು ಬಾಧ, ಅದಕ್ಕೆ ಮೂರು ಕಾರಣಗಳನ್ನು ಹೇಳುತ್ತಾರೆ. ಮೊದಲನೆಯದು ಅರ್ಥಲೋಪ, ಪ್ರಯೋಜನವೇ ಇಲ್ಲವಾಗುವುದು. ಪ್ರಕೃತಿಯಲ್ಲಿ ಭತ್ತವನ್ನು ಒರಳಲ್ಲಿ ಕುಟ್ಟಬೇಕೆಂಬ ವಿಧಿಯಿದೆ, ಹೊಟ್ಟು ಹೋಗಬೇಕೆಂಬುದು ಅದರ ಪ್ರಯೋಜನ. ಆಯುಸ್ಸನ್ನು ಬಯಸುವವರು ಮಾಡುವ ವಿಕೃತಿಯೊಂದರಲ್ಲಿ ಧಾನ್ಯದ ಬದಲು ಕೃಷ್ಣಲಗಳೆಂಬ ನೂರು ಚಿನ್ನದ ಕಾಳುಗಳನ್ನು ಬಳಸುತ್ತಾರೆ; ಚಿನ್ನಕ್ಕೆ ಹೊಟ್ಟಿಲ್ಲವಾದ್ದರಿಂದ ಕುಟ್ಟುವ ವಿಧಿ ಯಾರೂ ನಿಷೇಧಿಸದೆಯೇ ತಾನಾಗಿ ನಿಂತುಹೋಗುತ್ತದೆ. ಓಪನ್‌ಎಸ್‌ಎಸ್‌ಎಚ್‌ನ ಹಳೆಯ ಸೇವಾ ಕಡತಗಳಲ್ಲಿ ಪ್ರೋಟೋಕಾಲ್ 2 ಎಂಬ ಸಾಲೊಂದು ಇರುತ್ತಿತ್ತು, ದೋಷಗಳಿದ್ದ ಮೊದಲನೆಯ ಪ್ರೋಟೋಕಾಲನ್ನು ಯಾರೂ ಬಳಸದಂತೆ ತಡೆಯುವುದು ಅದರ ಕೆಲಸ. 2016ರ ಡಿಸೆಂಬರ್‌ನಲ್ಲಿ ಬಂದ 7.4ನೆಯ ಆವೃತ್ತಿಯಲ್ಲಿ ಸೇವೆಯ ಕಡೆಯಿಂದ ಮೊದಲನೆಯ ಪ್ರೋಟೋಕಾಲನ್ನೇ ತೆಗೆದುಹಾಕಿದ ಮೇಲೆ ಆ ಸಾಲಿಗೆ ತಡೆಯಲು ಏನೂ ಉಳಿಯಲಿಲ್ಲ. ಆದರೂ ವಿವೇಕವುಳ್ಳ ನಿರ್ವಾಹಕರು ಒಂದು ಕಾಲದಲ್ಲಿ ಎಚ್ಚರದಿಂದ ಸೇರಿಸಿದ್ದ ಆ ಸಾಲು ಎಷ್ಟೋ ಯಂತ್ರಗಳಲ್ಲಿ ಉಳಿದುಕೊಂಡಿತು, ಪ್ರತಿಯೊಂದು ಹೋಲಿಕೆಯಲ್ಲಿಯೂ ಸ್ಥಳೀಯ ಮಾರ್ಪಾಡೆಂದು ಎದ್ದು ಕಾಣುತ್ತಲೇ ಇತ್ತು. ಅದನ್ನು ಬಿಡಬಹುದೆಂದು ತಿಳಿಯುವುದು ಎರಡು ಪಠ್ಯಗಳನ್ನು ನೋಡಿದ್ದರಿಂದಲ್ಲ, ಅದು ಏತಕ್ಕಾಗಿ ಅಲ್ಲಿತ್ತು ಎಂಬುದನ್ನು ಬಲ್ಲುದರಿಂದ.

ಎರಡನೆಯ ಕಾರಣ ಪ್ರತ್ಯಾಮ್ನಾನ, ಅದೇ ಪ್ರಯೋಜನಕ್ಕೆ ಬೇರೆ ಸಾಧನವನ್ನು ವಿಧಿಸುವುದು. ಪ್ರಕೃತಿಯಲ್ಲಿ ದರ್ಭೆಯನ್ನು ಹಾಸಬೇಕು. ವಿಕೃತಿಯೊಂದರಲ್ಲಿ ಶರವೆಂಬ ಹುಲ್ಲನ್ನು ಹೇಳಿರುವುದರಿಂದ ದರ್ಭೆ ಹಿಂದೆ ಸರಿಯುತ್ತದೆ. ಎರಡಕ್ಕೂ ಕೆಲಸ ಒಂದೇ ಆದುದರಿಂದ ಎರಡನ್ನೂ ಕೂಡಿಸಿ ಹಾಸುವ ಸಮುಚ್ಚಯಕ್ಕೆ ಅಲ್ಲಿ ಎಡೆಯಿಲ್ಲ. ಅಪಾಚೆಯ 2.2ನೆಯ ಆವೃತ್ತಿಯವರೆಗೆ ಯಾರಿಗೆ ಪ್ರವೇಶವಿದೆ ಎಂಬುದನ್ನು ಆರ್ಡರ್, ಅಲೌ, ಡಿನೈ ಎಂಬ ಆದೇಶಗಳಿಂದ ಹೇಳುತ್ತಿದ್ದರು. 2012ರಲ್ಲಿ ಬಂದ 2.4ರಲ್ಲಿ ಅದೇ ಕೆಲಸಕ್ಕೆ ರಿಕ್ವಯರ್ ಎಂಬ ಹೊಸ ಆದೇಶ ನಿಯತವಾಯಿತು. ಹಳೆಯವನ್ನು ಒಂದು ಹೊಂದಾಣಿಕೆಯ ಘಟಕದ ಮೂಲಕ ಉಳಿಸಿಕೊಂಡಿದ್ದಾರೆ, ಆದರೆ ಎರಡು ಬಗೆಯ ಆದೇಶಗಳನ್ನು ಬೆರೆಸಬಾರದೆಂದು ಅಪಾಚೆಯ ಕೈಪಿಡಿಯೇ ಎಚ್ಚರಿಸುತ್ತದೆ. ಸಾಲುಗಳನ್ನು ಮಾತ್ರ ಬಲ್ಲ ವಿಲೀನ ಸ್ಕ್ರಿಪ್ಟಿಗೆ ಇವೆರಡೂ ಒಂದೇ ಕಾರ್ಯದ ಎರಡು ಸಾಧನಗಳೆಂದು ತಿಳಿಯುವ ಬಗೆಯಿಲ್ಲ. ಅವು ಕಡತದ ಬೇರೆ ಬೇರೆ ಕಡೆ ಇದ್ದರೆ ಎರಡನ್ನೂ ಉಳಿಸಿ ಕೆಲಸ ಮುಗಿಯಿತೆನ್ನುತ್ತದೆ. ಮೂರನೆಯದು ನೇರವಾದ ಪ್ರತಿಷೇಧ, ಅದಕ್ಕೆ ಹೆಚ್ಚಿನ ವಿವರಣೆ ಬೇಡ: ಸಿಸ್ಟಮ್‌ಡಿ ವ್ಯವಸ್ಥೆಯಲ್ಲಿ ಒಂದು ಸೇವೆಯ ಹೆಸರನ್ನು ಶೂನ್ಯ ಸಾಧನಕ್ಕೆ ಕಟ್ಟಿ ಅದು ಎಂದೂ ಆರಂಭವಾಗದಂತೆ ಮಾಡುವ ಮಾಸ್ಕ್ ಎಂಬ ಕ್ರಮ ಅದರ ಸ್ಪಷ್ಟ ರೂಪ.

ಈ ಹೋಲಿಕೆಗೆ ಒಂದು ಎಲ್ಲೆಯಿದೆ, ಅದನ್ನು ಮರೆಮಾಚುವುದು ಮೀಮಾಂಸೆಗೆ ಮಾಡುವ ಅನ್ಯಾಯ. ಮೀಮಾಂಸಕರಿಗೆ ವೇದ ಅಪೌರುಷೇಯ, ಯಾರೂ ರಚಿಸದ್ದು. ಅದಕ್ಕೆ ಹೊಸ ಆವೃತ್ತಿಯೆಂಬುದಿಲ್ಲ, ತಪ್ಪೆಂಬುದೂ ಇಲ್ಲ. ತಯಾರಕರ ಮಾದರಿಯಾದರೋ ಮನುಷ್ಯರು ಬರೆದದ್ದು, ತಪ್ಪಬಲ್ಲದ್ದು, ತನ್ನ ನಿನ್ನೆಯ ಮಾತನ್ನು ತಾನೇ ಹಿಂದೆ ಪಡೆಯಬಲ್ಲದ್ದು. ಶ್ರುತಿಗೂ ಸ್ಮೃತಿಗ್ರಂಥಕ್ಕೂ ವಿರೋಧ ಬಂದರೆ ಶ್ರುತಿಯೇ ಬಲವತ್ತರವೆಂಬ ನಿಯಮವನ್ನು ಇಲ್ಲಿಗೆ ತಂದು, ಮೂಲದಿಂದ ಬಂದ ಕಡತ ಸ್ಥಳೀಯ ತಿದ್ದುಪಡಿಗಿಂತ ಯಾವಾಗಲೂ ಮೇಲು ಎನ್ನುವುದು ಆದುದರಿಂದ ಸಲ್ಲದು. ಪ್ರಕೃತಿ ವಿಕೃತಿಗಳ ನ್ಯಾಯದಲ್ಲಿ ಇಲ್ಲಿಗೆ ಸಲ್ಲುವುದು ಅಧಿಕಾರದ ಶ್ರೇಣಿಯಲ್ಲ, ಪ್ರತಿಯೊಂದು ಅಂಗವನ್ನೂ ಅದರ ಪ್ರಯೋಜನದಿಂದ ಅಳೆಯುವ ಶಿಸ್ತು.

ಆ ಶಿಸ್ತು ಏಕೆ ಬೇಕೆಂಬುದು ಘರ್ಷಣೆಯೇ ಇಲ್ಲದ ವಿಲೀನಗಳಲ್ಲಿ ಚೆನ್ನಾಗಿ ಕಾಣುತ್ತದೆ. ಇಬ್ಬರೂ ಬೇರೆ ಬೇರೆ ಸಾಲುಗಳನ್ನು ತಿದ್ದಿದ್ದರೆ ಡಿಫ್3ರಂಥ ಸಾಧನ ಎರಡನ್ನೂ ಕೂಡಿಸಿ ಯಾವ ಎಚ್ಚರಿಕೆಯನ್ನೂ ಕೊಡದೆ ಮುಗಿಸುತ್ತದೆ. ಓಪನ್‌ಎಸ್‌ಎಸ್‌ಎಚ್‌ನ ಸೇವಾ ಕಡತಕ್ಕೆ 2020ರ 8.2ನೆಯ ಆವೃತ್ತಿಯಲ್ಲಿ ಇನ್‌ಕ್ಲೂಡ್ ಎಂಬ ಆದೇಶ ಬಂತು, ಬೇರೆ ಕಡತಗಳನ್ನು ಆ ಜಾಗದಲ್ಲಿ ಸೇರಿಸಿ ಓದುವಂತೆ ಅದು ಹೇಳುತ್ತದೆ. ಡೆಬಿಯನ್‌ನ ಮುಂದಿನ ಮಾದರಿಗಳಲ್ಲಿ ಅದನ್ನು ಕಡತದ ಮೇಲ್ಭಾಗದಲ್ಲಿಯೇ ಇಟ್ಟರು. ಗುಪ್ತಪದದ ಮೂಲಕ ಪ್ರವೇಶ ಬೇಡವೆಂದು ಕೆಳಗೆಲ್ಲೋ ಬರೆದಿದ್ದ ನಿರ್ವಾಹಕರ ಸಾಲಿಗೂ ಈ ಹೊಸ ಸಾಲಿಗೂ ಪಠ್ಯದಲ್ಲಿ ಯಾವ ಸಂಘರ್ಷವೂ ಇಲ್ಲ, ವಿಲೀನ ನಿರ್ವಿಘ್ನವಾಗಿ ನಡೆಯುತ್ತದೆ. ಆದರೆ ಮೊದಲು ಸಿಕ್ಕ ಬೆಲೆಯೇ ಊರ್ಜಿತವಾದ್ದರಿಂದ, ಸೇರಿಸಿ ಓದಿದ ಕಡತಗಳಲ್ಲಿ ಒಂದು ಗುಪ್ತಪದವನ್ನು ಅನುಮತಿಸಿದ್ದರೆ ನಿರ್ವಾಹಕರ ನಿಷೇಧ ಕಡತದಲ್ಲಿ ಇದ್ದೂ ಇಲ್ಲದಂತಾಗುತ್ತದೆ. ಕ್ಲೌಡ್ ಯಂತ್ರಗಳನ್ನು ಮೊದಲ ಬಾರಿ ಸಿದ್ಧಪಡಿಸುವ ಸಾಧನಗಳು ಅಂಥ ಕಡತವನ್ನು ಇಡುವುದುಂಟು, ಹೀಗಾಗಿ ಇದು ಕಲ್ಪಿತ ಭಯವಲ್ಲ. ಪಠ್ಯಗಳ ಅವಿರೋಧ ಅರ್ಥಗಳ ಅವಿರೋಧವಲ್ಲ ಎಂಬುದು ವ್ಯಾಖ್ಯಾನಶಾಸ್ತ್ರ ಬಲ್ಲವರಿಗೆ ಹೊಸ ಮಾತಲ್ಲ. ಯಂತ್ರಗಳನ್ನು ನಡೆಸುವವರು ಮಾತ್ರ ವಿಲೀನದ ಮೌನವನ್ನು ಒಪ್ಪಿಗೆಯೆಂದು ಪದೇ ಪದೇ ಓದಿಕೊಳ್ಳುತ್ತಾರೆ. ಕಡತದ ವ್ಯಾಕರಣವನ್ನಷ್ಟೇ ಪರೀಕ್ಷಿಸಿದರೆ ಸಾಲದು. ಎಲ್ಲ ಸೇರ್ಪಡೆಗಳ ನಂತರ ನಿಜವಾಗಿ ಜಾರಿಯಲ್ಲಿರುವ ಬೆಲೆಗಳನ್ನು ಪಟ್ಟಿಮಾಡಿ ತೋರಿಸುವ ವಿಧಾನ ಓಪನ್‌ಎಸ್‌ಎಸ್‌ಎಚ್‌ನಲ್ಲಿಯೇ ಇದೆ, ನವೀಕರಣದ ಹಿಂದೆಯೂ ಮುಂದೆಯೂ ಆ ಪಟ್ಟಿಗಳನ್ನು ತೆಗೆದು ಹೋಲಿಸುವ ಸ್ಕ್ರಿಪ್ಟ್ ಸಾಲುಗಳನ್ನು ಹೋಲಿಸುವ ಸ್ಕ್ರಿಪ್ಟಿಗಿಂತ ಅರ್ಥಕ್ಕೆ ಎಷ್ಟೋ ಹತ್ತಿರವಾಗಿರುತ್ತದೆ.

ಉಳಿಯುವುದು ಅಧಿಕಾರದ ಪ್ರಶ್ನೆ. ಮೀಮಾಂಸೆಯಲ್ಲಿ ಅಧಿಕಾರವೆಂದರೆ ಕರ್ಮವನ್ನು ಮಾಡುವ ಅರ್ಹತೆ ಮತ್ತು ಅದರ ಫಲಕ್ಕೆ ಒಡೆತನ, ಇವೆರಡೂ ಒಬ್ಬರಲ್ಲಿಯೇ ಕೂಡಿರುವುದು. ಸೇವೆ ನಿಂತರೆ ಉತ್ತರ ಹೇಳಬೇಕಾದವರು ನಿರ್ವಾಹಕರು, ಅದನ್ನು ನೆಚ್ಚಿಕೊಂಡವರು ಆ ಸಂಸ್ಥೆಯ ಜನ. ಸ್ಕ್ರಿಪ್ಟಿಗೆ ಫಲದಲ್ಲಿ ಪಾಲಿಲ್ಲ. ಇಬ್ಬರೂ ಬದಲಿಸಿದಾಗ ಡಿಪಿಕೆಜಿ ಕೇಳುವ ಪ್ರಶ್ನೆಗೆ ಉತ್ತರ ಕೊಡದೆ ಮುಂದುವರಿದರೆ ಸ್ಥಳೀಯ ಕಡತವೇ ಉಳಿಯುವಂತೆ ಮಾಡಿರುವುದು, ಸ್ಥಳೀಯ ಬದಲಾವಣೆಗಳನ್ನು ನವೀಕರಣ ಅಳಿಸಕೂಡದೆಂದು ಡೆಬಿಯನ್‌ನ ನೀತಿಸಂಹಿತೆ ವಿಧಿಸಿರುವುದು, ಮನುಷ್ಯರಿಲ್ಲದೆ ನವೀಕರಿಸುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಎಂಬ ಸ್ಕ್ರಿಪ್ಟ್ ಇಂಥ ಪ್ರಶ್ನೆ ಏಳಬಹುದಾದ ಪ್ಯಾಕೇಜನ್ನು ಸಾಮಾನ್ಯವಾಗಿ ಮುಟ್ಟದೆ ಬಿಡುವುದು, ಇವೆಲ್ಲ ಈ ದೃಷ್ಟಿಯಿಂದ ಸರಿಯಾದ ನಿರ್ಣಯಗಳು. ಆದರೆ ಹಳೆಯದನ್ನು ಉಳಿಸುವುದು ನಿರಪಾಯವೆಂದು ಭಾವಿಸುವುದು ತಪ್ಪು. ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರ ಗುಪ್ತಪದದಿಂದ ನೇರವಾಗಿ ಒಳಬರುವುದನ್ನು ಓಪನ್‌ಎಸ್‌ಎಸ್‌ಎಚ್ 2015ರ 7.0ನೆಯ ಆವೃತ್ತಿಯಲ್ಲಿ ಪೂರ್ವನಿಯೋಜಿತವಾಗಿಯೇ ನಿಲ್ಲಿಸಿತು. ಹಿಂದಿನ ಅನುಮತಿಯನ್ನು ಸ್ಪಷ್ಟವಾಗಿ ಬರೆದಿದ್ದ ಹಳೆಯ ಕಡತವನ್ನು ಉಳಿಸಿಕೊಂಡವರಿಗೆ ಆ ರಕ್ಷಣೆ ದೊರೆಯಲಿಲ್ಲ. ಹಳೆಯದನ್ನು ಉಳಿಸಿದ ಸ್ಕ್ರಿಪ್ಟ್ ನಿರ್ಣಯವನ್ನು ಮುಂದಕ್ಕೆ ಹಾಕಿದೆಯೇ ಹೊರತು ನಿರ್ಣಯಿಸಿಲ್ಲ. ಡಿಪಿಕೆಜಿ-ಡಿಸ್ಟ್, ಆರ್‌ಪಿಎಂನ್ಯೂ, ಪ್ಯಾಕ್‌ನ್ಯೂ ಎಂಬ ಬಾಲಗಳನ್ನು ಅಂಟಿಸಿಕೊಂಡು ಪಕ್ಕದಲ್ಲಿ ಉಳಿಯುವ ಕಡತಗಳು ಹೀಗೆ ಮುಂದಕ್ಕೆ ಹಾಕಿದ ನಿರ್ಣಯಗಳು, ಅವನ್ನು ತೆರೆದು ನೋಡುವ ಹೊಣೆ ಮನುಷ್ಯರದ್ದೇ.

ಆ ಹೊಣೆಯನ್ನು ನಿರ್ವಹಿಸುವವರಿಗೆ ಬೇಕಾದದ್ದು ಪ್ರಯೋಜನದ ಜ್ಞಾನ, ಅದು ಸಾಲಿನಲ್ಲಿ ಬರೆದಿರುವುದಿಲ್ಲ. ಪೋರ್ಟ್ ಸಂಖ್ಯೆಯೊಂದು ಬದಲಾಗಿದೆ ಎಂಬುದನ್ನು ಡಿಫ್ ಹೇಳುತ್ತದೆ, ಪ್ಯಾಕೇಜ್ ವ್ಯವಸ್ಥಾಪಕದ ದಾಖಲೆ ಅದನ್ನು ಬದಲಿಸಿದವರು ನಿರ್ವಾಹಕರೆಂಬುದನ್ನು ಹೇಳುತ್ತದೆ. ಏಕೆ ಬದಲಿಸಿದರು, ಆ ಕಾರಣ ಇನ್ನೂ ಉಳಿದಿದೆಯೇ ಎಂಬುದನ್ನು ಹೇಳಬಲ್ಲವರು ಬದಲಿಸಿದವರೊಬ್ಬರೇ, ಅವರು ಆ ಕೆಲಸವನ್ನೇ ಬಿಟ್ಟು ಹೋಗಿರಬಹುದು. ವೇದದಲ್ಲಿ ವಿಧಿಯ ಪಕ್ಕದಲ್ಲಿ ಅರ್ಥವಾದಗಳೆಂಬ ವಾಕ್ಯಗಳಿವೆ; ಅವು ತಾವಾಗಿ ಏನನ್ನೂ ಆಜ್ಞಾಪಿಸುವುದಿಲ್ಲ, ವಿಧಿಸಿದ್ದನ್ನು ಪ್ರಶಂಸಿಸಿ ಅದರಲ್ಲಿ ತೊಡಗುವಂತೆ ಮಾಡುತ್ತವೆ. ಅವು ವ್ಯರ್ಥವೆಂಬ ಪೂರ್ವಪಕ್ಷವನ್ನು ಜೈಮಿನಿ ಎತ್ತಿ, ವಿಧಿಯೊಡನೆ ಏಕವಾಕ್ಯವಾಗಿ ಸೇರಿ ಅವೂ ಸಾರ್ಥಕವಾಗುತ್ತವೆ ಎಂದು ಸಿದ್ಧಾಂತಪಡಿಸಿದ. ಸಂರಚನಾ ಕಡತದಲ್ಲಿ ಹ್ಯಾಶ್ ಚಿಹ್ನೆಯ ನಂತರ ಬರೆಯುವ ಟಿಪ್ಪಣಿಗೆ ಇದೇ ಸ್ಥಾನವಿದೆ: ಸೇವೆ ಅದನ್ನು ಓದದೆ ದಾಟಿಹೋಗುತ್ತದೆ, ಮುಂದೆ ನಿರ್ಣಯಿಸಬೇಕಾದ ಮನುಷ್ಯರು ಅದನ್ನೇ ಮೊದಲು ಓದುತ್ತಾರೆ. ಆದುದರಿಂದ ಯಂತ್ರದ ಹೊಣೆ ಹೊತ್ತ ಪ್ರತಿಯೊಬ್ಬರೂ ಮಾದರಿ ಕಡತದ ಯಾವುದೇ ಸಾಲನ್ನು ಬದಲಿಸುವಾಗ ಅದರ ಮೇಲಿನ ಸಾಲಿನಲ್ಲಿ ಬದಲಿಸಿದ ಕಾರಣವನ್ನೂ ದಿನಾಂಕವನ್ನೂ ಬರೆದಿಡಬೇಕು, ಸಾಧ್ಯವಿದ್ದಲ್ಲಿ ಆ ಬದಲಾವಣೆಯನ್ನು ಮೂಲದಿಂದ ಪ್ರತ್ಯೇಕವಾದ ಸ್ಥಳೀಯ ಕಡತದಲ್ಲಿಯೇ ಇಡಬೇಕು, ಮುಂದಿನ ನವೀಕರಣದ ಹೊತ್ತಿಗೆ ತೆರೆಯದೆ ಉಳಿದ ಹೊಸ ಮಾದರಿ ಕಡತ ಒಂದೂ ಇರದಂತೆ ನೋಡಿಕೊಳ್ಳಬೇಕು.